ಮಾದಶೆಟ್ಟಿ ಮಣೆ ಮೇಲೆ ಕೂಗಿಸಿದ ಕಂಪ್ಯೂಟರು

ಬಹಳ ಹಿಂದೆ, ಒಂದೂರಲ್ಲಿ ಒಂದು ಕುಂಬಾರಗೇರಿ ಇತ್ತಂತೆ. ಎಷ್ಟು ಹಿಂದೆ ಅಂತ ಕೇಳಬೇಡ್ರಪ್ಪ. ನಮ್ಮಜ್ಜಿಗೆ ಹೇಳಿದವರೂ ಬಹಳ ಹಿಂದೆ ಅಂತಲೇ ಹೇಳಿದ್ರಂತೆ, ಅಜ್ಜಿಯೂ ಕೇಳಲಿಲ್ಲವಂತೆ.

ಆಗ ಕಂಪ್ಯೂಟರು ಇಡಿಯಾಗಿ ಬರ್ತಿರಲಿಲ್ಲವಂತೆ. ತುಂಡು ತುಂಡಾಗಿ, ಬೇರೆ ಬೇರೆ ಡಬ್ಬಿಯಲ್ಲಿ, ಒಂದಕ್ಕೊಂದು ಮುಖಪರಿಚಯ ಇಲ್ಲದೆ ಬರ್ತಿದ್ವಂತೆ. ಯಾರಾದ್ರೂ ಕೂತು ಅವನ್ನ ಜೋಡಿಸಬೇಕಿತ್ತಂತೆ. ಆ ಊರಲ್ಲಿ ಜೋಡಿಸ್ತಿದ್ದೋನು ಮಾದಶೆಟ್ಟಿ.

ಮಾದಶೆಟ್ಟಿ ಕುಂಬಾರರ ಮನೆಯೋನು. ಅವನಿಗೆ ತಿಗರಿ ಒಲೀಲಿಲ್ಲವಂತೆ. ಅವನು ಮಾಡಿದ ಗಡಿಗೆ ನೆಟ್ಟಗೆ ಕೂರ್ತಿರಲಿಲ್ಲ, ಒಂದು ಕಡೆ ವಾಲಿಕೊಂಡು ಯಾರೋ ಕರೆದ ಹಾಗೆ ನೋಡ್ತಿತ್ತಂತೆ. ಅದಕ್ಕೇ ಮಣ್ಣು ಬಿಟ್ಟು ತಂತಿ ಹಿಡಿದ ಅಂತಾರೆ. ಮನೇಲಿ ಅವನು, ಅವನ ಅಕ್ಕ ದುಂಡಮ್ಮ, ಇಬ್ಬರೇ. ತಾಯಿ ಹೋದಮೇಲೆ ಅವನನ್ನ ಎತ್ತಿ ಆಡಿಸಿದೋಳು ಆಯಮ್ಮನೇ. ಮದುವೆ ಗಿದುವೆ ಅಂತ ಯೋಚನೆ ಮಾಡೋಕೆ ಅವಳಿಗೆ ಪುರುಸೊತ್ತು ಸಿಗಲಿಲ್ಲವಂತೆ. ಬೈಯೋಕೆ ಮಾತ್ರ ಸಿಗ್ತಿತ್ತು.

ಶುರುವಿನಲ್ಲಿ ಮಾದಶೆಟ್ಟಿ ಎಲ್ಲರ ಹಾಗೇ ಜೋಡಿಸ್ತಿದ್ನಂತೆ. ಡಬ್ಬಿ ಒಡೆಯೋದು, ಎಲ್ಲಾನೂ ಕ್ಯಾಬಿನೆಟ್ಟಿನೊಳಗೆ ಕೂರಿಸೋದು, ಸ್ಕ್ರೂ ಬಿಗಿಯೋದು, ಆಮೇಲೆ ಸ್ವಿಚ್ಚು ಒತ್ತೋದು. ಒಂದ್ಸಲ ಹಾಲಿನ ಡೈರಿಗೆ ಹಾಗೇ ಜೋಡಿಸಿಕೊಟ್ಟ. ಡೈರಿಯೋರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಕಾಯಿ ಒಡೆದು, ಅಧ್ಯಕ್ಷರ ಕೈಲಿ ಸ್ವಿಚ್ಚು ಒತ್ತಿಸಿದ್ರಂತೆ. ಬೋರ್ಡಿನ ಅಡಿಯಲ್ಲಿ ಒಂದು ಸ್ಕ್ರೂ ಬಿದ್ದಿತ್ತು, ಯಾರಿಗೂ ಗೊತ್ತಿಲ್ಲ. ಟಪ್ ಅಂತ ಒಂದು ಸದ್ದು, ಆಮೇಲೆ ಹೊಗೆ. ಊದುಬತ್ತಿ ಹೊಗೆ ಅಂದ್ಕೊಂಡು ಅಧ್ಯಕ್ಷರು ಕೈ ಮುಗಿದ್ರಂತೆ. ಕಾಯಿ ಚೂರು ಎಲ್ಲರೂ ತಿಂದಾಗಿತ್ತು, ಪೂಜೆ ವಾಪಸ್ ತಗೊಳೋಕೂ ಆಗಲಿಲ್ಲ.

ಅವತ್ತು ಮನೆಗೆ ಬಂದು ಮಂಕಾಗಿ ಕೂತೋನಿಗೆ ದುಂಡಮ್ಮ ಅಂದ್ಳಂತೆ: "ಲೋ ಮಾದ, ಗಡಿಗೆ ತಗೊಳೋಳು ಬಡಿದು ನೋಡದೆ ಸೊಂಟಕ್ಕೆ ಇಟ್ಕೋತಾಳೇನೋ? ಯಾವ ಕುಂಬಾರನ ಹೊಟ್ಟೇಲಿ ಹುಟ್ಟಿದೆಯೋ ನೀನು?"

ಅಲ್ಲಿಂದ ಅವನ ಪದ್ಧತಿ ಬದಲಾಯ್ತಂತೆ. ಅಕ್ಕ ಊಟಕ್ಕೆ ಕೂರ್ತಿದ್ದ ಹಲಸಿನ ಮರದ ಮಣೆ ತಂದು ಮನೆ ಮುಂದಿನ ತನ್ನ ಅಂಗಡೀಲಿ ಇಟ್ಕೊಂಡ್ನಂತೆ. ಮಣೆ ಮೇಲೆ ಮದರ್‌ಬೋರ್ಡು ಬಂದ ರಟ್ಟಿನ ಡಬ್ಬಿ. ಡಬ್ಬಿ ಮೇಲೆ ಬೋರ್ಡು. ಕ್ಯಾಬಿನೆಟ್ಟು ದೂರ, ಮೂಲೆಯಲ್ಲಿ. ಬೋರ್ಡಿಗೆ ಒಂದು ಪ್ರೊಸೆಸರು, ಅದರ ಫ್ಯಾನು, ಒಂದೇ ಒಂದು ರ‍್ಯಾಮ್ ಪಟ್ಟಿ, ಕರೆಂಟಿನ ತಂತಿ. ಇನ್ನೇನೂ ಇಲ್ಲ. ಆಮೇಲೆ ಸ್ಕ್ರೂಡ್ರೈವರಿನ ತುದಿಯಿಂದ ಬೋರ್ಡಿನ ಮೂಲೇಲಿ ಸ್ವಿಚ್ಚಿನ ತಂತಿ ಸಿಗಿಸೋ ಎರಡು ಮುಳ್ಳನ್ನ ಒಂದು ಕ್ಷಣ ಕೂಡಿಸಿ ಬಿಡ್ತಿದ್ನಂತೆ. ಫ್ಯಾನು ತಿರುಗ್ತಿತ್ತು. ಅವನು ಉಸಿರು ಹಿಡಿದು ಕಾಯ್ತಿದ್ದ. ಎಲ್ಲ ಸರಿ ಇದ್ರೆ ಬೋರ್ಡು "ಪೀಂ" ಅಂತ ಒಂದು ಕೂಗು ಹಾಕ್ತಿತ್ತಂತೆ. ಚೆನ್ನಾಗಿ ಬೆಂದ ಗಡಿಗೆಯನ್ನ ಬೆರಳಲ್ಲಿ ಬಡಿದ ಹಾಗೆ. ಕೂಗಿದ ಮೇಲೆ ಇನ್ನೊಂದು ಭಾಗ ಹಾಕೋದು, ಮತ್ತೆ ಕೂಗಿಸೋದು. ಎಲ್ಲ ಕೂಗಿ ಮುಗಿದ ಮೇಲೇ ಕ್ಯಾಬಿನೆಟ್ಟಿಗೆ ಹಾಕಿ ಮುಚ್ಚೋದು. ಕೂಗದೇ ಇರೋದನ್ನ ಅವನು ಮುಚ್ಚಲಿಲ್ಲ. ಕೂಗಿದ್ದನ್ನ ಕೆಟ್ಟಿದೆ ಅನ್ನಲಿಲ್ಲ. ಹಾಗಂತಾರೆ.

ಬೀದೀಲಿ ಹೋಗ್ತಾ ಹೋಗ್ತಾನೇ ಯಾರ ಮನೆ ಕಂಪ್ಯೂಟರಿಗೆ ಏನಾಗಿದೆ ಅಂತ ಹೇಳ್ತಿದ್ದ ಅಂತಲೂ ಅಂತಾರೆ. ಸತ್ತ ಬೋರ್ಡು ಅವನು ಗದರಿದ್ರೆ ಕೂಗ್ತಿತ್ತು ಅಂತಲೂ ಅಂತಾರೆ. ಗದರಿದ್ದು ದುಂಡಮ್ಮ ಅನ್ನೋರೂ ಇದಾರೆ, ಅದನ್ನ ಬೇಕಾದ್ರೆ ನಂಬಬಹುದು.

ಆಯಮ್ಮನ ಮಣೆ ಮಾತ್ರ ವಾಪಸ್ ಬರಲಿಲ್ಲ. ಕೇಳಿದಾಗಲೆಲ್ಲ "ಒಂದು ಗಳಿಗೆ ಅಕ್ಕಯ್ಯ" ಅಂತಿದ್ನಂತೆ. ಆ ಗಳಿಗೆ ಮುಗೀತಿರಲಿಲ್ಲ. ದುಂಡಮ್ಮ ನೆಲದ ಮೇಲೇ ಕೂತು ಉಣ್ಣೋಕೆ ಶುರು ಮಾಡಿದ್ಳಂತೆ, ಪ್ರತಿ ತುತ್ತಿಗೂ ಒಂದೊಂದು ಮಾತು ಅಂದ್ಕೊಂಡು.

ಹೀಗಿರುವಾಗ ಒಂದು ವರ್ಷ ದುಂಡಮ್ಮನಿಗೆ ಕೆಮ್ಮು ಹಿಡೀತಂತೆ. ಗಡಿಗೆ ಸುಡೋ ಆವೆಗೆ ಊದಿ ಊದಿ ಎದೆಗೆ ಹೊಗೆ ಕೂತಿತ್ತು. ಹಾಸಿಗೆ ಹಿಡಿದ್ಳು. ಊಟ ಬಿಟ್ಟಳು. ಅಂಗಡಿಯ ಹಿಂದಿನ ಕೋಣೇಲೇ ಮಲಗಿಸಿದ್ದ. ಅವಳು ಕೆಮ್ತಿದ್ರೆ ಇವನಿಗೆ ಧೈರ್ಯ. ಕೆಮ್ಮು ಕೇಳ್ತಿದೆ ಅಂದ್ರೆ ಅಕ್ಕ ಇದಾಳೆ ಅಂತ. ಸ್ಕ್ರೂ ತಿರುಗಿಸ್ತಾ ತಿರುಗಿಸ್ತಾ ಒಂದು ಕಿವಿ ಆ ಕಡೇನೇ ಇಟ್ಕೊಂಡಿರ್ತಿದ್ನಂತೆ.

ಆಗ ಬಂದ ಆ ಮನುಷ್ಯ.

ನಡು ಮಧ್ಯಾಹ್ನ ಅಂತಾರೆ. ಬೀದಿ ಕಾದು ಬಿದ್ದಿತ್ತಂತೆ. ಕೇರಿಯ ನಾಯಿ ಎಲ್ಲರಿಗೂ ಬೊಗಳೋದು, ಪೋಸ್ಟಿನವನಿಗೆ ಎರಡು ಸಲ ಬೊಗಳೋದು. ಅದು ಎದ್ದು ಹೋಗಿ ಗಾಡಿ ಕೆಳಗೆ ಗೋಡೆ ಕಡೆ ಮುಖ ಮಾಡಿ ಮಲಗ್ತಂತೆ. ಬಂದೋನು ಬೆವೆತಿರಲಿಲ್ಲ. ಮರ್ಯಾದಸ್ಥ. ಬರಿಗಾಲಲ್ಲಿ ಇದ್ರೂ ಹೊಸಲಲ್ಲಿ ಕಾಲು ಒರೆಸಿಕೊಂಡು ಒಳಗೆ ಬಂದ್ನಂತೆ. ಕಂಕುಳಲ್ಲಿ ಡಬ್ಬಿಗಳು. ಡಬ್ಬಿ ಮೇಲೆ ಯಾವ ಕಂಪನಿ ಹೆಸರೂ ಇಲ್ಲ. ಮುಟ್ಟಿದ್ರೆ ಬಾವಿಯ ತಳದಿಂದ ಎತ್ತಿದ ಕಲ್ಲಿನ ಹಾಗೆ ತಣ್ಣಗೆ.

ಇದನ್ನ ಜೋಡಿಸಿ ದೀಪ ಹಚ್ಚೋ ಹೊತ್ತಿಗೆ ಮುಚ್ಚಿ ಕೊಡಬೇಕು ಅಂದ್ನಂತೆ. ಎಲ್ಲ ಹೊಸದು, ನೋಡೋದು ಗೀಡೋದು ಏನೂ ಬೇಡ, ನೇರವಾಗಿ ಕ್ಯಾಬಿನೆಟ್ಟಿಗೆ ಹಾಕಿ ಬಿಗಿದುಬಿಡಿ ಅಂದ್ನಂತೆ.

ಅದಾಗಲ್ಲ ಸ್ವಾಮಿ, ನಾನು ಕೂಗಿಸಿ ನೋಡದೆ ಮುಚ್ಚೋನಲ್ಲ ಅಂದ ಮಾದಶೆಟ್ಟಿ. ಬಂದೋನು ಆಗಲಿ ಅಂದ್ನಂತೆ.

ಮಾದಶೆಟ್ಟಿ ಮಣೆ ಇಟ್ಟ. ಮಣೆ ಮೇಲೆ ಡಬ್ಬಿ, ಡಬ್ಬಿ ಮೇಲೆ ಬೋರ್ಡು. ಪ್ರೊಸೆಸರು, ಫ್ಯಾನು, ಒಂದು ರ‍್ಯಾಮ್ ಪಟ್ಟಿ, ಕರೆಂಟಿನ ತಂತಿ. ಸ್ಕ್ರೂಡ್ರೈವರಿನ ತುದಿ ಮುಟ್ಟಿಸಿದ. ಫ್ಯಾನು ತಿರುಗ್ತು. ಸದ್ದೇ ಇಲ್ಲದೆ ತಿರುಗ್ತಂತೆ. ಕೂಗು ಬರಲಿಲ್ಲ.

ಕಾದ. ಬರಲಿಲ್ಲ. ಇನ್ನೂ ಕಿವಿಗೊಟ್ಟು ಕಾದ. ಆಗ ಗೊತ್ತಾಯ್ತಂತೆ, ಹಿಂದಿನ ಕೋಣೇಲಿ ಕೆಮ್ಮೂ ನಿಂತಿದೆ ಅಂತ.

ಎದ್ದು ಹೋಗಿ ನೋಡ್ತಾನೆ, ದುಂಡಮ್ಮ ಕಣ್ಣು ಬಿಟ್ಕೊಂಡು ಮಲಗಿದಾಳೆ. ಬಾಯಿಗೆ ಸೆರಗು ಒತ್ಕೊಳೋಕೆ ಎತ್ತಿದ ಕೈ ಅರ್ಧದಲ್ಲೇ ನಿಂತಿದೆ. ಎದೆ ಏಳ್ತಿಲ್ಲ. ಒಂದು ನೊಣ ಅವಳ ಕೆನ್ನೆ ಮೇಲೆ ನಡ್ಕೊಂಡು ಹೋಗ್ತಿತ್ತಂತೆ. ದುಂಡಮ್ಮ ಬದುಕಿರೋತನಕ ಯಾವ ನೊಣಕ್ಕೂ ಆ ಧೈರ್ಯ ಇರಲಿಲ್ಲ.

ಓಡಿ ಬಂದು ಕರೆಂಟಿನ ತಂತಿ ಕಿತ್ತ. ಫ್ಯಾನು ನಿಂತಿತು. ಒಳಗೆ ಖೊಕ್ ಖೊಕ್ ಅಂತ ಕೆಮ್ಮು ಶುರುವಾಯ್ತು. "ಯಾರೋ ಅದು ಎದೆ ಮೇಲೆ ಕೂತ ಹಾಗಾಯ್ತು, ನೀನೇನೋ ಮಾದ?" ಅಂತ ಕೇಳಿದ್ಳಂತೆ.

ಬಂದೋನು ಗೋಡೆ ಕಡೆ ನೋಡ್ತಾ ಕೂತಿದ್ದ.

ಬೇರೆ ಯಾರಾದ್ರೂ ಆಗಿದ್ರೆ ಕೂಗಿಕೊಂಡು ಬೀದಿಗೆ ಓಡ್ತಿದ್ರು. ಮಾದಶೆಟ್ಟಿಗೆ ಅದು ತೋಚಲಿಲ್ಲವಂತೆ. ಕೂಗದ ಬೋರ್ಡಿಗೆ ಏನು ಮಾಡ್ತಿದ್ನೋ ಅದನ್ನೇ ಮಾಡಿದ. ಆ ರ‍್ಯಾಮ್ ಪಟ್ಟಿ ತೆಗೆದು ಪಕ್ಕಕ್ಕಿಟ್ಟು, ಅಂಗಡಿಯ ತನ್ನದೇ ಹಳೇ ಪಟ್ಟಿ ಹಾಕಿದ. ಮುಟ್ಟಿಸಿದ. "ಪೀಂ" ಅಂತು. ಒಳಗೆ ಕೆಮ್ಮು ನಡೀತಾನೇ ಇತ್ತು.

ಅಂದ್ರೆ ದೋಷ ಆ ಪಟ್ಟೀಲೇ ಇದೆ. ಮಾದಶೆಟ್ಟಿ ಅದನ್ನ ಎರಡು ಬೆರಳಲ್ಲಿ ಹಿಡಿದು, ಈ ಪೀಸು ಕೆಟ್ಟಿದೆ ಸ್ವಾಮಿ, ಇದನ್ನ ಹಾಕಿ ನಾನು ಮುಚ್ಚಲ್ಲ ಅಂದ್ನಂತೆ.

ಕೆಟ್ಟಿಲ್ಲ, ಮುಚ್ಚಿದ ಮೇಲೆ ಸರಿಹೋಗುತ್ತೆ ಅಂದ್ನಂತೆ ಅವನು. ಇದು ಈ ಊರಿಗೆ ಅಂತಲೇ ಬಂದದ್ದು, ಕೆಲಸ ನಿಮ್ಮ ಮನೆಯಿಂದಲೇ ಶುರು ಅಂತಲೂ ಅಂದ್ನಂತೆ. ದನಿ ಏರಿಸಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳಿದ.

ಮಾದಶೆಟ್ಟಿಗೆ ಬಂದೋನು ಯಾರು, ಯಾರನ್ನ ಕರ್ಕೊಂಡು ಹೋಗೋಕೆ ಬಂದಿದಾನೆ ಅಂತ ಆಗ ಪೂರ್ತಿ ಗೊತ್ತಾಯ್ತು. ಆದ್ರೂ, "ಕೊಂಡ ಅಂಗಡೀಲಿ ಬದಲಾಯಿಸಿ ತನ್ನಿ ಸ್ವಾಮಿ. ಬಿಲ್ ಇದೆಯಾ?" ಅಂತ ಕೇಳಿದ್ನಂತೆ.

ಬಂದೋನು ಅಂಗಿ ಜೇಬು ಮುಟ್ಟಿ ನೋಡ್ಕೊಂಡ್ನಂತೆ.

"ಬಿಲ್ ಇಲ್ಲದೆ ಯಾರೂ ಬದಲಾಯಿಸಿಕೊಡಲ್ಲ" ಅಂದ ಮಾದಶೆಟ್ಟಿ.

ಜೋಡಿಸೋನು ಒಪ್ಪದೆ ಮುಚ್ಚೋ ಹಾಗಿಲ್ಲ ಅಂತ ಬಂದೋನ ಕಡೇನೂ ಏನೋ ಕಟ್ಟಳೆ ಇತ್ತಂತೆ. ಎಲ್ಲ ಆಫೀಸಲ್ಲೂ ಇರುತ್ತೆ. ಅವನು ಆ ಪಟ್ಟಿ ತಗೊಂಡು ಎದ್ದ. ಉಳಿದದ್ದು ಇಲ್ಲೇ ಇರಲಿ, ಬರ್ತೀನಿ ಅಂದ. ಬಿಸಿಲಿಗೆ ಇಳಿದು ಹೋದ. ಅವನು ಹೋದಮೇಲೆ ನಾಯಿ ಬಹಳ ಹೊತ್ತು ಬೊಗಳ್ತಂತೆ.

ಅಲ್ಲಿಂದ ಆ ಬೋರ್ಡು ಮಣೆ ಮೇಲೇ ಉಳೀತು. ಯಾರೂ ಮುಟ್ಟಲಿಲ್ಲ. ಮಾದಶೆಟ್ಟಿ ಬೇರೆ ಕೆಲಸವನ್ನ ಹಲಗೆ ಮೇಲೆ ಮಾಡ್ಕೋತಿದ್ದ. ಬಿಸಿಲಿನ ಮಧ್ಯಾಹ್ನ ತಂತಿ ಇಲ್ಲದೇನೇ ಆ ಫ್ಯಾನು ಮೆಲ್ಲಗೆ ಒಂದು ಸುತ್ತು ತಿರುಗಿ ನಿಲ್ತಿತ್ತಂತೆ, ಯಾರೋ ದಾರೀಲಿ ಬರ್ತಾ ಇರೋ ಹಾಗೆ. ಆಗೆಲ್ಲ ಮಾದಶೆಟ್ಟಿ ಕೈಲಿದ್ದ ಕೆಲಸ ಬಿಟ್ಟು ಕೆಮ್ಮು ಕೇಳ್ತಿದೆಯಾ ಅಂತ ಕಿವಿಗೊಡ್ತಿದ್ನಂತೆ.

ದುಂಡಮ್ಮ ಎದ್ದು ಕೂತಳು. ಓಡಾಡಿದಳು. ಊಟ ಮಾಡಿದಳು, ನೆಲದ ಮೇಲೇ. ಕೆಮ್ಮು ಮಾತ್ರ ಹೋಗಲಿಲ್ಲ. ವರ್ಷ ಆಯ್ತು, ವರ್ಷಗಳಾದ್ವು. ಊರಲ್ಲಿ ಬೇರೆಯೋರೆಲ್ಲ ಹಳೇ ಪದ್ಧತೀಲೇ ಹೋಗ್ತಿದ್ರಂತೆ. ಅವಳ ಜೊತೆಗಾತಿಯರು ಹೋದ್ರು. ಅವಳ ಹತ್ರ ಜಗಳ ಆಡ್ತಿದ್ದ ಎದುರು ಮನೆ ಕೆಂಚಮ್ಮ ಹೋದಳು. ಅವತ್ತು ದುಂಡಮ್ಮ ಬಹಳ ಅತ್ತಳಂತೆ, ಇನ್ನು ನಾನು ಯಾರಿಗೆ ಬೈಲಿ ಅಂತ. ಹಲ್ಲು ಹೋದ್ವು. ಬೆನ್ನು ಬಾಗ್ತು. ಮಾದಶೆಟ್ಟಿ ತಲೇನೂ ಬೆಳ್ಳಗಾಯ್ತು. ಅವಳು ಕೆಮ್ತಾನೇ ಇದ್ದಳು.

ಒಂದು ನಡು ಮಧ್ಯಾಹ್ನ ಫ್ಯಾನು ಒಂದು ಸುತ್ತು ತಿರುಗಿ ನಿಲ್ಲಲಿಲ್ಲ. ತಿರುಗ್ತಾನೇ ಇತ್ತು. ಹೊಸಲಲ್ಲಿ ಯಾರೋ ಕಾಲು ಒರೆಸಿಕೊಳ್ಳೋ ಸದ್ದು.

ಅದೇ ಮನುಷ್ಯ. ಒಂದು ಕೂದಲೂ ನರೆತಿರಲಿಲ್ಲ, ಆದ್ರೆ ಕಾಲು ಮಾತ್ರ ಮೊಣಕಾಲ ತನಕ ಧೂಳಾಗಿತ್ತಂತೆ. ಬಹಳ ಕೌಂಟರು ಸುತ್ತಬೇಕಾಯ್ತು ಅಂದ್ನಂತೆ. ಒಂದು ಕೈಲಿ ಹೊಸ ಪಟ್ಟಿ, ಇನ್ನೊಂದು ಕೈಲಿ ಬಿಲ್ಲು.

ಮಾದಶೆಟ್ಟಿ ಹೊಸ ಪಟ್ಟಿ ಕೂರಿಸಿದ. ಸ್ಕ್ರೂಡ್ರೈವರಿನ ತುದಿ ಒಂದ್ಸಲ ಜಾರ್ತು, ಮತ್ತೆ ಮುಟ್ಟಿಸಿದ. "ಪೀಂ" ಅಂತ ಕೂಗ್ತು. ಅಷ್ಟು ಚೊಕ್ಕವಾದ ಕೂಗನ್ನ ಅವನು ಯಾವತ್ತೂ ಕೇಳಿರಲಿಲ್ಲವಂತೆ. ಕೇರಿಯಲ್ಲಿ ಒಣಗೋಕೆ ಇಟ್ಟಿದ್ದ ಗಡಿಗೆಗಳೆಲ್ಲ ಒಂದು ಸಲ ಗುಂಯ್ ಅಂದ್ವಂತೆ.

ಆಗ ಮಾದಶೆಟ್ಟಿ ತಲೆ ತಗ್ಗಿಸಿ ಅಂದ್ನಂತೆ, "ಇದೂ ಸರಿ ಇಲ್ಲ ಸ್ವಾಮಿ."

ಕೂಗಿದ್ದನ್ನ ಅವನು ಕೆಟ್ಟಿದೆ ಅಂದದ್ದು ಅದೊಂದೇ ಸಲ ಅಂತಾರೆ. ಬಂದೋನು ಬಿಲ್ಲನ್ನ ಮಡಿಸೋಕೆ ಶುರು ಮಾಡಿದ.

"ಲೋ ಮಾದ!" ಅಂತ ಒಳಗಿಂದ ಬಂತು. "ಕೂಗ್ತಲ್ಲೋ! ನಾನು ಮುದುಕಿ ಆಗಿರಬಹುದು, ಕಿವುಡಿ ಅಲ್ಲ."

"ನೀನು ಸುಮ್ನಿರು ಅಕ್ಕಯ್ಯ."

"ಸುಮ್ನಿರೋಕೇ ಕೇಳ್ತಿರೋದು ನಾನು. ಆ ಪುಣ್ಯಾತ್ಮನ್ನ ಇನ್ನೆಷ್ಟು ಅಲೆದಾಡಿಸ್ತೀಯೋ? ಡಬ್ಬಿಗೆ ಹಾಕು ಅದನ್ನ. ನನ್ ಮಣೆ ಕೊಡು. ನೆಲದ ಮೇಲೆ ಕೂತೂ ಕೂತೂ ಸೊಂಟ ಬಿದ್ದೋಯ್ತು."

ಮಾದಶೆಟ್ಟಿ ಬೋರ್ಡನ್ನ ಎತ್ತಿ ಕ್ಯಾಬಿನೆಟ್ಟಿಗೆ ಕೂರಿಸಿದ. ಸ್ಕ್ರೂ ಬಿಗಿದ. ಅದರ ಬಾಗಿಲು ಹಾಕಿದ. ಕೊನೇ ಸ್ಕ್ರೂ ಒಂದನ್ನ ಕೈಲೇ ಇಟ್ಕೊಂಡ. ಮಣೆಯನ್ನ ತನ್ನ ಅಂಗೀಲಿ ಒರೆಸಿ, ಒಲೆ ಮುಂದೆ ಹಾಕಿದ.

ದುಂಡಮ್ಮ ಗೋಡೆ ಹಿಡ್ಕೊಂಡು ಬಂದು ಮಣೆ ಮೇಲೆ ಕೂತಳು. ಆಹಾ ಅಂದ್ಳಂತೆ. ತಮ್ಮ ಮುದ್ದೆ ಇಟ್ಟ, ಹುರುಳಿ ಸಾರು ಬಿಟ್ಟ. ಅವಳು ಬೆರಳು ಇಡೋ ಮುಂಚೆ ಅಂಗಡಿ ಕಡೆ ತಿರುಗಿ, "ಊಟ ಆಯ್ತಾ ಸ್ವಾಮಿ?" ಅಂತ ಕೇಳಿದ್ಳಂತೆ.

ಬಂದೋನನ್ನ ಹಾಗೆ ಯಾರೂ ಕೇಳಿರಲಿಲ್ಲ. ಎಲ್ಲರೂ ಬೇರೆ ಏನೇನೋ ಕೇಳ್ತಾರೆ. ಇಲ್ಲ ಅಂದ. "ಮತ್ತೆ ಕೂತ್ಕೊಳ್ಳಿ" ಅಂದ್ಳು ಅವಳು. ಅವನು ನೆಲದ ಮೇಲೆ ಕೂತ. ಉಂಡ ಅನ್ನೋರು ಇದಾರೆ, ಬರೀ ನೋಡ್ತಾ ಕೂತಿದ್ದ ಅನ್ನೋರೂ ಇದಾರೆ. ಅವನಿಗೆ ಹಾಕಿದ ಎಲೆ ಮಾತ್ರ ಖಾಲಿ ಆಗಿತ್ತಂತೆ.

ಕೈ ತೊಳೆದು, ಮತ್ತೆ ಮಣೆ ಮೇಲೆ ಬಂದು ನೆಟ್ಟಗೆ ಕೂತು, ದುಂಡಮ್ಮ "ಹೂಂ, ತಿರುಗಿಸೋ" ಅಂದಳು.

ಮಾದಶೆಟ್ಟಿ ಕೊನೇ ಸ್ಕ್ರೂ ತಿರುಗಿಸಿದ. ಕೆಮ್ಮು ನಿಂತಿತು.

ಅದೆಲ್ಲ ಬಹಳ ಹಿಂದಿನ ಮಾತು. ಆ ಊರಲ್ಲಿ ಈಗಲೂ ಯಾರಾದ್ರೂ ಕಂಪ್ಯೂಟರು ಜೋಡಿಸಿದ್ರೆ ಮಣೆ ಮೇಲೆ ಡಬ್ಬಿ, ಡಬ್ಬಿ ಮೇಲೆ ಬೋರ್ಡು ಇಟ್ಟು ಮೊದಲು ಕೂಗಿಸ್ತಾರಂತೆ. ಕೂಗಿದ ಮೇಲೆ ಕ್ಯಾಬಿನೆಟ್ಟಿಗೆ ಹಾಕ್ತಾರೆ. ಕೊನೇ ಸ್ಕ್ರೂ ಕೈಲಿ ಹಿಡ್ಕೊಂಡು, ಒಳಗಡೆ ತಿರುಗಿ, "ಊಟ ಆಯ್ತಾ?" ಅಂತ ಕೇಳ್ತಾರಂತೆ. ಮನೇಲಿ ಒಬ್ಬರದ್ದು ಆಗಿಲ್ಲ ಅಂದ್ರೂ ಕಾಯ್ತಾರೆ. ಬೇರೆ ಊರಿನೋರು ನಗ್ತಾರೆ, ನಗಲಿ.

ಮನೇಲಿ ಯಾರೂ ಇಲ್ಲದಿದ್ರೂ ಕೇಳಬೇಕಂತೆ. ಖಾಲಿ ಕೋಣೆ ಕಡೆ ತಿರುಗಿ ಕೇಳಿ, ಒಂದು ಕ್ಷಣ ಕಾಯಬೇಕಂತೆ. ಎಲ್ಲೋ ಒಂದೊಂದ್ಸಲ ಒಳಗಿಂದ ಖೊಕ್ ಅಂತ ಒಂದು ಕೆಮ್ಮು ಬಂದು, "ನಂದಾಯ್ತು ಕಣೋ. ನಿಂದು?" ಅಂತ ಕೇಳುತ್ತಂತೆ.

ಆಗ ಜೋಡಿಸ್ತಿದ್ದೋನು ಸ್ಕ್ರೂ ಕೆಳಗಿಟ್ಟು, ಎದ್ದು ಹೋಗಿ, ಮೊದಲು ಉಂಡು ಬರ್ತಾನಂತೆ.