ಕೊಕ್ಕರೆಯ ತಲೆಯೊಳಗಿನ ಕಪ್ಪೆ

ನಾನು ಕೊಕ್ಕರೆ. ಕೆರೆಯಂಚಿನಲ್ಲಿ ಒಂಟಿ ಕಾಲಲ್ಲಿ ನಿಲ್ಲುತ್ತೇನೆಂಬ ಒಂದೇ ಕಾರಣಕ್ಕೆ ಎಲ್ಲರೂ ನನ್ನನ್ನು ಜ್ಞಾನಿ ಎನ್ನುತ್ತಾರೆ. ನಾನೂ ಬೇಡವೆಂದಿಲ್ಲ.

ಮೊನ್ನೆ ಊಟದ ಹೊತ್ತಿಗೆ, ಎತ್ತಿದ ಕಾಲನ್ನು ಇಳಿಸಿ ಒಂದು ಕಪ್ಪೆಯನ್ನು ಅದುಮಿ ಹಿಡಿದೆ. ಅದು ಮುಂಗಾಲು ಜೋಡಿಸಿ ಕೇಳಿತು: "ಗುರುಗಳೇ, ಸಾಯುವ ಮುನ್ನ ಒಂದು ಸಂಶಯ. ತಾವು ನನ್ನನ್ನು ಕಂಡದ್ದು ಹೇಗೆ?"

ಇಂಥ ಪ್ರಶ್ನೆ ಕೇಳಿದರೆ ನನಗೆ ಹಸಿವೆಯೇ ಮರೆತುಹೋಗುತ್ತದೆ. "ಕಣ್ಣು ತಲೆಯೊಳಕ್ಕೆ ಒಂದು ಚಿತ್ರ ಕಳಿಸುತ್ತದೆ. ನಾನು ಕಾಣುವುದು ಆ ಚಿತ್ರವನ್ನು ಮಾತ್ರ," ಎಂದೆ.

"ಒಳಗೆ ಕೂತು ಅದನ್ನು ನೋಡುವವರು ಯಾರು?"

"ಒಂದು ಪುಟ್ಟ ಕೊಕ್ಕರೆ."

"ಅದರ ತಲೆಯೊಳಗೆ?"

"ಇನ್ನೂ ಪುಟ್ಟ ಕೊಕ್ಕರೆ." ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಜ್ಞಾನಿಗೆ ಶೋಭಿಸುವುದಿಲ್ಲ.

"ಹಾಗಾದರೆ ತಾವು ಕಂಡದ್ದು ಚಿತ್ರದ ಕಪ್ಪೆಯನ್ನು. ನನ್ನನ್ನು ಇದುವರೆಗೆ ಕಂಡೇ ಇಲ್ಲ."

"ಇಲ್ಲ," ಎಂದು ಒಪ್ಪಲೇಬೇಕಾಯಿತು.

"ಕಂಡೇ ಇಲ್ಲದವರನ್ನು ತುಳಿದು ನಿಲ್ಲುವುದು ತಮ್ಮಂಥವರಿಗೆ ತರವೇ?"

ವಾದದ ಮರ್ಯಾದೆ ಉಳಿಸಲು ಕಾಲೆತ್ತಿದೆ. ಕಪ್ಪೆ ನೀರಿಗೆ ಹಾರುವಾಗಲೇ ನಾಲಿಗೆ ಚಾಚಿ ಒಂದು ನೊಣವನ್ನು ನುಂಗಿತು.

"ನಿನ್ನ ತಲೆಯೊಳಗೆ ಯಾರಿದ್ದಾರೆ?" ಎಂದು ಕೂಗಿದೆ.

"ನೋಡಿಲ್ಲ, ಗುರುಗಳೇ. ಹೊಟ್ಟೆಯೊಳಗೆ ನೊಣ ಇದೆ."

ನಾನು ಮತ್ತೆ ಒಂಟಿ ಕಾಲಲ್ಲಿ ನಿಂತೆ. ತಲೆಯೊಳಗೆ ಕಪ್ಪೆಯ ಚಿತ್ರ ಸೊಗಸಾಗಿಯೇ ಇತ್ತು. ಅದನ್ನು ನೋಡುತ್ತ ಒಂದರೊಳಗೊಂದು ನಿಂತಿದ್ದ ಕೊಕ್ಕರೆಗಳು ಮಾತ್ರ ಅಷ್ಟೂ ಹಸಿದಿದ್ದವು.