ಗಾಜಿನೊಳಗಿನ ಹೊಳೆ

ಬೆಟ್ಟದ ಮೇಲೊಂದು ಆಶ್ರಮ. ಆಶ್ರಮಕ್ಕೆ ಇದ್ದದ್ದು ಒಂದೇ ದೊಣೆ. ಬಂಡೆಯ ತಗ್ಗಿನಲ್ಲಿ ನಿಂತ ಆ ಮಳೆನೀರೇ ವರ್ಷವಿಡೀ ಕುಡಿಯಲಿಕ್ಕೆ, ಅಡುಗೆಗೆ, ಹಕ್ಕಿಪಕ್ಕಿಗೆ.

ಹೋದ ವರ್ಷ ದೊಣೆಯ ತಳ ಬಿರುಕು ಬಿಟ್ಟಿತು. ಗೇಣುದ್ದದ ಬಿರುಕು, ಕೂದಲೆಳೆಯಷ್ಟು ಸಣ್ಣದು. ಆದರೂ ತುಂಬಿದ ದೊಣೆ ತಿಂಗಳೊಪ್ಪತ್ತಿನಲ್ಲಿ ಬರಿದಾಯಿತು. ಆಮೇಲೆ ಭಕ್ತರು ಕೆಳಗಿಂದ ಹೊತ್ತು ತರುವ ಕೊಡದ ನೀರೇ ಗತಿಯಾಯಿತು.

ಸಿಮೆಂಟ್ ಕಲಸಿ ಮೆತ್ತಿ ನೋಡಿದರು. ದಪ್ಪ ಕಣಗಳು ಬಿರುಕಿನ ಬಾಯಲ್ಲೇ ಅಡ್ಡ ಕೂತವು. ತಾವೂ ಒಳಗೆ ಹೋಗಲಿಲ್ಲ, ಸಣ್ಣವನ್ನೂ ಬಿಡಲಿಲ್ಲ.

ಆಶ್ರಮದ ಗುರು ರಾಚಪ್ಪಜ್ಜ. ವಯಸ್ಸು ಎಂಬತ್ತೆರಡು. ಕೆಳಗೆ ಊರಿಗೆ ಬನ್ನಿ ಎಂದು ಭಕ್ತರು ಕರೆದರೆ, "ನಾ ಇಳ್ಯಾಂವಲ್ಲ. ಮುಂದಿನ ಮಳಿಗೂ ದೊಣಿ ಬತ್ತಿದ್ರ ಅದರ ಜೋಡಿ ನಾನೂ ಬತ್ತತೀನಿ" ಎಂದುಬಿಟ್ಟರು. ಹಟದಲ್ಲಿ ಅಜ್ಜ ಬಂಡೆಗಿಂತ ಒಂದು ಕೈ ಮೇಲು.

ಈ ಮಾತಿಗೆ ಬೆಚ್ಚಿದವಳು ಶಿಷ್ಯೆ ದಾನಮ್ಮ. ಹೆತ್ತವರು ತೀರಿಹೋದ ಮೇಲೆ ಅವಳಿಗೆ ತನ್ನವರು ಅಂತ ಇದ್ದದ್ದು ಅಜ್ಜ ಒಬ್ಬರೇ.

ದಾನಮ್ಮ ಮೊದಲು ಕಾಲೇಜಿನಲ್ಲಿ ವಿಜ್ಞಾನ ಕಲಿಸುತ್ತಿದ್ದವಳು. ಬೆಟ್ಟ ಇಳಿದು ಹೋಗಿ, ಅಂಗೈಯಗಲದ ಒಂದು ಗಾಜಿನ ಬಿಲ್ಲೆ ಮಾಡಿಸಿಕೊಂಡು ಬಂದಳು. ಗಾಜಿನೊಳಗೆ ಕಣ್ಣಿಗೆ ಕಂಡೂ ಕಾಣದಂಥ ಕಾಲುವೆ, ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು.

ಸಿಮೆಂಟ್ ಪುಡಿಯನ್ನು ಸ್ಪಿರಿಟ್ಟಿನಲ್ಲಿ ಕದಡಿ ಸಿರಿಂಜಿನಿಂದ ಒಳಗೆ ಬಿಡಬೇಕು. ಸುತ್ತು ಹೊಡೆಯುತ್ತ ಹೊಡೆಯುತ್ತ ದಪ್ಪ ಕಣಗಳು ಒಳದಂಡೆ ಹಿಡಿಯುತ್ತವೆ, ಸಣ್ಣವು ಹೊರದಂಡೆಗೆ ಸರಿಯುತ್ತವೆ. ಕೊನೆಯಲ್ಲಿ ಎರಡು ತೂತು, ಅವಕ್ಕೊಂದು ಇವಕ್ಕೊಂದು. ಓದಿದವರು ಇದನ್ನು ಮೈಕ್ರೋಫ್ಲೂಯಿಡಿಕ್ಸ್ ಅನ್ನುತ್ತಾರೆ. ಅಜ್ಜ ಗಾಜಿನ ಹೊಳೆ ಅಂದರು.

"ಇದರಾಗ ಜರಡಿ ಹಿಡಿಯೋರು ಯಾರು?"

"ಯಾರೂ ಇಲ್ರಿ ಅಜ್ಜಾರ. ಹರಿಯೂದ ಜರಡಿ."

"ಯಾರೂ ನೂಕೂದಿಲ್ಲ?"

"ಇಲ್ರಿ. ತಮ್ಮ ದಾರಿ ತಾವ ಹಿಡೀತಾವ."

"ನಮಗಿಂತ ಶಾಣ್ಯಾ ಅದಾವ ಬಿಡು," ಎಂದು ಅಜ್ಜ ನಕ್ಕರು.

ಒಂದು ಚಮಚ ಸಣ್ಣ ಪುಡಿ ಸಿಕ್ಕರೆ ಬಿರುಕಿಗೆ ಸಾಕಾಗುತ್ತಿತ್ತು. ಮಳೆಗೆ ಇನ್ನೂ ಎರಡು ತಿಂಗಳಿತ್ತು. ಪಾಲಿಸಬೇಕಾದ ನೇಮ ಒಂದೇ: ಬೇರ್ಪಡುವ ತನಕ ಪುಡಿಗೆ ನೀರಿನ ಪಸೆ ತಾಗಕೂಡದು. ತಾಗಿದರೆ ಕಣಕ್ಕೆ ಕಣ ಅಂಟಿಕೊಳ್ಳುತ್ತದೆ.

ದಿನಾ ಬೆಳಿಗ್ಗೆ ದಾನಮ್ಮ ಕೋಣೆಯ ಬಾಗಿಲು ಹಾಕಿಕೊಳ್ಳುವಳು. ಡಬ್ಬಿಯಿಂದ ಪುಡಿಯನ್ನು ತಟ್ಟೆಗೆ ಸುರಿಯುವಳು. ಗುರುವಿನ ಹೆಸರು ಹೇಳದೆ ಹಾಲನ್ನೂ ಕಾಯಿಸದವಳು ಅವಳು. ಮೂಗು ತಾಗುವಷ್ಟು ತಟ್ಟೆಯ ಮೇಲೆ ಬಗ್ಗಿ, "ರಾಚಪ್ಪಜ್ಜ ಶರಣು, ರಾಚಪ್ಪಜ್ಜ ಶರಣು" ಎಂದು ನೂರೆಂಟು ಸಲ ಹೇಳುವಳು. ಆಮೇಲೆಯೇ ಸ್ಪಿರಿಟ್ಟು, ಸಿರಿಂಜು.

ಹೊರಗೆ ಜಗಲಿಯ ಮೇಲೆ ಅಜ್ಜ ಎಳೆಬಿಸಿಲಿಗೆ ಕಣ್ಣು ಮುಚ್ಚಿ ಕೂತಿರುತ್ತಿದ್ದರು.

ಭೂತಗನ್ನಡಿಯಲ್ಲಿ ನೋಡುತ್ತ ಕೂತರೆ ದಾನಮ್ಮನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೂದುಬಣ್ಣದ ಕಣಗಳು ಸದ್ದಿಲ್ಲದೆ ತೇಲಿ ಬರುತ್ತಿದ್ದವು. ತಿರುವಿನಲ್ಲಿ ಒಂದು ಗಳಿಗೆ ನಿಂತಂತೆ ಕಂಡು ಮತ್ತೆ ಸಾಗುತ್ತಿದ್ದವು. ಒಮ್ಮೊಮ್ಮೆ ತಾನೂ ಆ ಹೊಳೆಯಲ್ಲೇ ಇದ್ದಂತೆ ಅನಿಸುವುದು. ಅಪ್ಪ ಅವ್ವ ಮುಂದಿನ ಸುತ್ತಿನಲ್ಲಿ ಹೋಗುತ್ತಿದ್ದಾರೆ, ಇವಳು ಹಿಂದಿನ ಸುತ್ತಿನಲ್ಲಿದ್ದಾಳೆ, ನಡುವೆ ತೆಳ್ಳಗಿನ ಒಂದು ಗಾಜು. ಕೂಗಿದರೆ ಕೇಳಿಸೀತು, ಆದರೆ ಕೂಗಬೇಕು ಅಂತಲೇ ಅನಿಸುವುದಿಲ್ಲ. ಹಾಗೇ ತೇಲುತ್ತ ಇರುವುದೇ ಸುಖ.

ಎಚ್ಚೆತ್ತು ನೋಡಿದರೆ ಸಣ್ಣ ಪುಡಿಗೆಂದು ಇಟ್ಟ ಚಮಚ ಖಾಲಿ.

ಸಣ್ಣ ಕಣಗಳ ತೂತಿನಿಂದ ಬರೀ ತಿಳಿ ಸ್ಪಿರಿಟ್ಟು ತೊಟ್ಟಿಕ್ಕುತ್ತಿತ್ತು. ಪುಡಿಯೆಲ್ಲ ದಪ್ಪ ಕಣಗಳ ತೂತಿನಿಂದಲೇ ಹೊರಗೆ. ಮೂರು ನಾಲ್ಕು ಸಣ್ಣ ಕಣಗಳು ಒಂದಕ್ಕೊಂದು ಅಂಟಿ ದಪ್ಪ ಕಣದ ವೇಷ ಹಾಕಿದ್ದವು.

ಎಲ್ಲೋ ನೀರು ತಾಗುತ್ತಿದೆ. ಎಲ್ಲಿ?

ಪಾತ್ರೆಗಳನ್ನು ಬಿಸಿಲಿಗೆ ಒಣಗಿಸಿದಳು. ಕೈಗಳನ್ನು ಕೆಂಡಕ್ಕೆ ಕಾಸಿಕೊಂಡಳು. ಬೆವರು ಬೀಳದಿರಲಿ ಎಂದು ಹಣೆಗೆ ಬಟ್ಟೆ ಕಟ್ಟಿದಳು. ಅಜ್ಜ ಒದ್ದೆಗಾಲಲ್ಲಿ ಹೊಸ್ತಿಲು ದಾಟಿದರೆ ಅವರನ್ನೂ ಗದರಿದಳು. ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಅವಳದೂ ಅದೇ ಕತೆ.

ಕೆಲಸ ಕೆಟ್ಟಷ್ಟೂ ಭಕ್ತಿ ಏರಿತು. ಇಪ್ಪತ್ತನೇ ದಿನಕ್ಕೆ ಜಪ ಇನ್ನೂರ ಹದಿನಾರಾಯಿತು. ಮೂವತ್ತಕ್ಕೆ ಸಾವಿರದೆಂಟು. ಪುಡಿ ಇನ್ನಷ್ಟು ಗಂಟುಕಟ್ಟಿತು.

ನಲವತ್ತನೇ ದಿನ ಪಡುವಣದಲ್ಲಿ ಮೊದಲ ಮೋಡ ಕಂಡಿತು. ದಾನಮ್ಮ ಖಾಲಿ ಚಮಚ ಹಿಡಿದು ಹೊರಗೆ ಬಂದು ಅಜ್ಜನ ಕಾಲ ಬುಡದಲ್ಲಿ ಕುಸಿದು ಕೂತಳು.

"ಮುಗೀತ್ರಿ ಅಜ್ಜಾರ. ಇನ್ನ ನನ್ನ ಕೈಲಿ ಆಗೂದಿಲ್ಲ. ನೀವು ಊರಿಗೆ ನಡೀರಿ, ನಿಮ್ಮ ಕಾಲ ಬೀಳ್ತೀನಿ."

ಅಜ್ಜ ಖಾಲಿ ಚಮಚವನ್ನೇ ನೋಡಿದರು. ಆಮೇಲೆ ಮೂಗಿನ ಮೇಲಿನ ಚಾಳೀಸು ತೆಗೆದು ಅವಳ ಬಾಯಿಯ ಹತ್ತಿರ ಹಿಡಿದರು.

"ಜಪ ಮಾಡು."

"ಈಗ ಏನ್ ಜಪಾರಿ?"

"ಮಾಡವ್ವ."

"ರಾಚಪ್ಪಜ್ಜ ಶರಣು. ರಾಚಪ್ಪಜ್ಜ ಶರಣು. ರಾಚಪ್ಪ..."

ಅವಳ ನಾಲಗೆ ಅಲ್ಲೇ ನಿಂತಿತು. ಚಾಳೀಸಿನ ಗಾಜು ಮಸುಕಾಗಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹನಿಗಳು ಕೂತಿದ್ದವು.

ಅಜ್ಜ ಗಾಜನ್ನು ಧೋತರದ ಚುಂಗಿನಿಂದ ಒರೆಸಿ ಮತ್ತೆ ಮೂಗಿಗೇರಿಸಿಕೊಂಡರು.

ಮರುದಿನ ದಾನಮ್ಮ ಮೂಗುಬಾಯಿಗೆ ಸೆರಗು ಸುತ್ತಿ, ತಟ್ಟೆಯಿಂದ ಮಾರು ದೂರ ಮೌನವಾಗಿ ಕೂತಳು. ನಾಲಗೆಗೆ ಮೊದಮೊದಲು ಅನಾಥ ಅನಿಸಿತು. ಮುಚ್ಚಳ ತೆರೆದದ್ದೇ ತಡ, ಪುಡಿಯನ್ನು ಸ್ಪಿರಿಟ್ಟಿಗೆ ಬಿಟ್ಟಳು. ಗಾಜಿನ ಹೊಳೆಯಲ್ಲಿ ಕಣಗಳು ಒಂದೊಂದಾಗಿ ಬಂದವು. ತಿರುವಿನಲ್ಲಿ ಸಣ್ಣವು ಮೆಲ್ಲಗೆ ಹೊರದಂಡೆಗೆ ಸರಿದು, ತಮ್ಮ ಬಾಗಿಲಿಂದ ಹೊರಗೆ ಇಳಿದವು. ದಾನಮ್ಮ ಅತ್ತುಬಿಟ್ಟಳು, ಮುಖ ಆಚೆ ತಿರುಗಿಸಿಕೊಂಡು.

ಹದಿನೇಳು ದಿನಕ್ಕೆ ಚಮಚ ತುಂಬಿತು. ಒಣಗಿಸಿದ ಆ ಪುಡಿಯನ್ನು ನೀರಲ್ಲಿ ತೆಳ್ಳಗೆ ಕಲಸಿ ಬಿರುಕಿಗೆ ತೊಟ್ಟು ತೊಟ್ಟಾಗಿ ಬಿಟ್ಟಳು. ಬಿರುಕು ಕುಡಿಯಿತು, ಕುಡಿಯಿತು, ಕೊನೆಗೆ ಸಾಕೆಂದಿತು. ಮೇಲೆ ಒದ್ದೆ ಗೋಣಿ ಹಾಸಿದಳು. ವಾರದಲ್ಲಿ ಮಳೆ ಬಂತು.

ದೊಣೆ ತುಂಬಿತು. ಮಳೆಗಾಲ ಮುಗಿದು ತಿಂಗಳಾದರೂ ನೀರು ನಾಲ್ಕು ಬೆರಳು ಕೂಡ ಇಳಿಯಲಿಲ್ಲ.

ಒಂದು ಸಂಜೆ ಗುರುಶಿಷ್ಯರಿಬ್ಬರೂ ದೊಣೆಯ ದಂಡೆಯಲ್ಲಿ ಕೂತಿದ್ದರು. ಕೆಂಪು ಮೋಡಗಳು ನೀರಿನೊಳಗೆ ನಿಧಾನ ಸಾಗುತ್ತಿದ್ದವು. ಅಜ್ಜ ಬೊಗಸೆಯಲ್ಲಿ ನೀರು ಕುಡಿದು ಗಡ್ಡ ಒರೆಸಿಕೊಂಡರು. ಅವರು ಕುಡಿಯುವುದನ್ನು ನೋಡುತ್ತ ದಾನಮ್ಮನಿಗೆ ಹೊಟ್ಟೆ ತಣ್ಣಗಾಯಿತು. ಆದರೂ ಒಂದು ಮಾತು ಕೇಳದೆ ಇರಲಾಗಲಿಲ್ಲ.

"ಅಜ್ಜಾರ, ನೀವು ದಿನಾ ಜಗಲಿ ಮ್ಯಾಲೆ ಕೂತಿರ್ತಿದ್ರಿ. ನಾ ಪುಡಿ ಮುಂದ ಜಪ ಮಾಡೂದು ನಿಮಗ ಕೇಳಿಸ್ತಿತ್ತು."

"ಕೇಳಿಸ್ತಿತ್ತು."

"ಅದರಿಂದನ ಕೆಡಾಕತ್ತೇತಿ ಅಂತ ಯಾವಾಗ ಗೊತ್ತಾತ್ರಿ?"

"ಮೂರನೇ ದಿನಕ್ಕ."

ದಾನಮ್ಮ ಅವರತ್ತ ತಿರುಗಿ ಕೂತಳು. ಮೂರನೇ ದಿನ! ದೊಣೆ ಮತ್ತೆ ಬತ್ತಿದ್ದರೆ ಬತ್ತಿಹೋಗುತ್ತಿದ್ದ ಜೀವ ಇವರದೇ. ಇದರ ಹಿಂದೆ ಏನೋ ದೊಡ್ಡದು ಇರಲೇಬೇಕು.

"ನನ್ನ ತಾಳ್ಮಿ ಪರೀಕ್ಷಾ ಮಾಡಿದ್ರೇನ್ರಿ?"

"ಇಲ್ಲ."

"ಮತ್ತ ನನ್ನ ಭಕ್ತಿದು?"

"ಅದೂ ಅಲ್ಲ."

"ಹಂಗಾದ್ರ ಯಾಕ್ರಿ ಹೇಳ್ಲಿಲ್ಲ?"

ಅಜ್ಜ ನೀರಿನೊಳಗಿನ ಮೋಡಗಳ ಕಡೆ ಕಣ್ಣು ಹೊರಳಿಸಿದರು. ಆಮೇಲೆ ತಪ್ಪು ಒಪ್ಪಿಕೊಳ್ಳುವವರಂತೆ ತಗ್ಗಿದ ದನಿಯಲ್ಲಿ ಹೇಳಿದರು:

"ಹೇಳಿದ್ರ ನೀ ನನ್ನ ಹೆಸರು ಹೇಳೂದು ಬಿಡ್ತಿದ್ದಿ, ದಾನವ್ವ. ಕಿವಿಗೆ ಹಿತ ಇತ್ತು."