ಹಿಡಿ ಅಕ್ಕಿಯೂ ಮೈಕೂ

"ಅಯ್ಯನವರೇ, ಗರ್ಭದ ಕೂಸು ದೇವರದು ಎಂದು ನಂಬಿದವಳು ನಾನು. ಗರ್ಭಪಾತ ಬೇಡವೆನ್ನದ ಪಕ್ಷಕ್ಕೆ ನಾನು ಓಟು ಹಾಕಬಹುದೇ?" ಎಂದು ದಯಾಮಣಿ ಕೇಳಿದಳು. ಅವಳು ಸುವಾರ್ತೆಯ ಸೇವೆಗೆ ಸಿದ್ಧಳಾಗುತ್ತಿದ್ದ ಶಿಷ್ಯೆ. "ಬಸುರಿ ಬಾಣಂತಿಯರಿಗೆ ಆ ಪಕ್ಷವೇ ಹೆಚ್ಚು ಮಾಡುತ್ತೇನೆ ಎನ್ನುತ್ತಿದೆ. ನನಗೆ ತಲೆ ಕೆಟ್ಟುಹೋಗಿದೆ. ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಿ."

ಕ್ರೈಸ್ತ ಸಭೆಯ ಪಾಲಕರಾದ ಸತ್ಯಶೀಲ ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. "ಒಂದೇ ಮಾತು ಬೇಕಿದ್ದರೆ ಪ್ರಚಾರದವರ ಹತ್ತಿರ ಹೋಗಬೇಕಿತ್ತು. ನನ್ನ ಹತ್ತಿರ ಇರುವುದು ಕತೆ," ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ನಮ್ಮಂಥದೇ ಒಂದು ಸಭೆಯಿತ್ತು. ಅಲ್ಲಿಯ ಹೆಂಗಸರು ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ದೇವರಿಗೆಂದು ತೆಗೆದಿಡುತ್ತಿದ್ದರು. ಭಾನುವಾರ ಆ ಅಕ್ಕಿ ಆರಾಧನೆಗೆ ಬರುತ್ತಿತ್ತು. ಅಲ್ಲಿಂದ ಇಲ್ಲದವರ ಮನೆಗೆ ಹೋಗುತ್ತಿತ್ತು.

ಆ ಸಭೆಗೆ ಬರುತ್ತಿದ್ದ ಒಬ್ಬ ಹೆಂಗಸು ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡುತ್ತಿದ್ದಳು. ಗಂಡ ಸತ್ತ ತಿಂಗಳಲ್ಲೇ ತಾನು ಬಸುರಿಯೆಂದು ಅವಳಿಗೆ ತಿಳಿಯಿತು. ಮನೆಯಲ್ಲಿ ಮೊದಲೇ ಇಬ್ಬರು ಮಕ್ಕಳು. ತೆಗೆಸಿಬಿಡುತ್ತೇನೆ ಎಂದಳು. ಸಭೆಯ ಹಿರಿಯ ಅವಳ ಮನೆಗೆ ಹೋಗಿ, ಮೊಣಕಾಲೂರಿ, ಬೇಡವೆಂದು ಅತ್ತ. ಆ ಕಣ್ಣೀರು ನಿಜವಾದದ್ದು, ಅದನ್ನು ಹಗುರಾಗಿ ಕಾಣಬೇಡ. ಮುಂದಿನ ಭಾನುವಾರ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ, ಈ ತಾಯಿಯನ್ನೂ ಕೂಸನ್ನೂ ನೋಡಿಕೊಳ್ಳುವವರು ಕೈ ಎತ್ತಿ ಎಂದ. ಎಲ್ಲ ಕೈಗಳೂ ಎದ್ದವು. ಹೆರಿಗೆಯಾಗಿ ಮೂರು ತಿಂಗಳು ಕಳೆಯುವವರೆಗೆ ಹಿಡಿ ಅಕ್ಕಿಯೆಲ್ಲ ಅವಳಿಗೇ ಎಂದು ತೀರ್ಮಾನವಾಯಿತು. ಆ ಕೈಗಳನ್ನು ನಂಬಿ ಅವಳು ಕೂಸನ್ನು ಉಳಿಸಿಕೊಂಡಳು.

ಅಷ್ಟರಲ್ಲಿ ಚುನಾವಣೆ ಬಂತು. ಒಬ್ಬ ವ್ಯಾಪಾರಿ ನಿಂತ. ಗರ್ಭಪಾತ ನಿಲ್ಲಿಸುತ್ತೇನೆ ಎಂದು ಸಭೆಗೇ ಬಂದು ಮಾತು ಕೊಟ್ಟ. ಅವನ ಎದುರು ಒಬ್ಬ ಶಿಕ್ಷಕಿ ನಿಂತಳು. ಕೂಲಿ ಹೆಂಗಸರಿಗೆ ಹೆರಿಗೆಯ ರಜೆಯಲ್ಲೂ ಸಂಬಳ ಕೊಡಿಸುತ್ತೇನೆ, ಊರ ಆಸ್ಪತ್ರೆಗೆ ನರ್ಸನ್ನು ತರುತ್ತೇನೆ ಎಂದಳು. ಗರ್ಭಪಾತ ಆಯಾ ಹೆಂಗಸಿಗೆ ಬಿಟ್ಟದ್ದು ಎಂದೂ ಹೇಳಿದಳು. ಹಿರಿಯನಿಗೆ ಅಷ್ಟು ಸಾಕಾಯಿತು. ಗರ್ಭದ ಕೂಸುಗಳ ಪರವಾಗಿ ಊರೂರು ಕೂಗಬೇಕು, ಮೈಕು ಕಟ್ಟಿದ ಆಟೋ ಬೇಕು ಎಂದ. ಅದರ ಬಾಡಿಗೆಗೆ ಹಿಡಿ ಅಕ್ಕಿಯನ್ನು ಮಾರಿಸಿದ. ಒಂದು ಕೂಸಿಗಿಂತ ಸಾವಿರ ಕೂಸು ದೊಡ್ಡದಲ್ಲವೇ ಎಂದ. ಕೈ ಎತ್ತಿದವರೇ ತಲೆಯಾಡಿಸಿದರು.

ಆ ಸಭೆಯಲ್ಲಿ ಒಬ್ಬ ಟೆಂಪೋ ಚಾಲಕನಿದ್ದ. ಒಂದು ದಿನ ಅವನು ಇಟ್ಟಿಗೆ ತುಂಬಲು ಗೂಡಿಗೆ ಹೋದಾಗ, ತುಂಬು ಬಸುರಿಯಾದ ಆ ಹೆಂಗಸು ತಲೆಯ ಮೇಲೆ ಇಟ್ಟಿಗೆ ಹೊತ್ತು ಬರುತ್ತಿದ್ದಳು.

"ಯಾಕ್ ತಂಗೀ, ಅಕ್ಕಿ ಒಂಚೂರೂ ಬರ್ತಿಲ್ವಾ?"

"ಅಕ್ಕಿ ಆಟೋದಲ್ಲಿ ಕೂಗ್ಕೊಂಡು ಓಡಾಡ್ತಾ ಐತಲ್ಲಣ್ಣ, ಕೇಳಿಸ್ಲಿಲ್ವಾ?"

ಚಾಲಕನಿಗೆ ನಾಚಿಕೆಯಾಯಿತು. ಅವನೂ ಕೈ ಎತ್ತಿದವನೇ. ಅಂದೇ ತನ್ನ ಮನೆಯ ಅಕ್ಕಿಯನ್ನು ಅವಳ ಮನೆಗೆ ಹಾಕಿ, ನೇರವಾಗಿ ಶಿಕ್ಷಕಿಯ ಹತ್ತಿರ ಹೋದ. ಗರ್ಭದ ಕೂಸಿನ ವಿಷಯದಲ್ಲಿ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ, ಗೆದ್ದ ಮೇಲೂ ಬಂದು ಇದನ್ನೇ ಹೇಳುತ್ತೇನೆ, ಆದರೆ ಆ ನರ್ಸಿಗಾಗಿ ನಿಮ್ಮ ಜೊತೆ ಬರುತ್ತೇನೆ ಎಂದ. ಸಭೆಯವರು ಅವನೊಡನೆ ಮಾತು ಬಿಟ್ಟರು. ಅವನು ಹಟ ಬಿಡಲಿಲ್ಲ. ವಾರವೆಲ್ಲ ಶಿಕ್ಷಕಿಯ ಪರವಾಗಿ ಮನೆಮನೆ ತಿರುಗಿದ. ಭಾನುವಾರ ತಪ್ಪದೆ ಆರಾಧನೆಗೆ ಬಂದು, ಹಿಂದಿನ ಬೆಂಚಿನಲ್ಲಿ ಒಬ್ಬನೇ ಕೂತು, ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ.

ಓಟಿನ ದಿನ ಗೂಡಿನ ಮಾಲೀಕ ಕೂಲಿಯವರನ್ನು ಸಂಜೆಯವರೆಗೂ ಬಿಡಲಿಲ್ಲ. ಮತಗಟ್ಟೆ ಮುಚ್ಚಲು ಅರ್ಧ ಗಂಟೆ ಇದ್ದಾಗ ಚಾಲಕ ಅವರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಹೊರಟ. ಅಷ್ಟೂ ಓಟು ಶಿಕ್ಷಕಿಯದು. ಇವು ಬಿದ್ದರೆ ಗೆದ್ದಳು, ಬೀಳದಿದ್ದರೆ ಕಷ್ಟವಿತ್ತು. ಅರ್ಧ ದಾರಿಯಲ್ಲಿ ಆ ಹೆಂಗಸಿಗೆ ನೋವು ಶುರುವಾಯಿತು. ಊರ ಆಸ್ಪತ್ರೆಯಲ್ಲಿ ನರ್ಸಿಲ್ಲ. ದೊಡ್ಡಾಸ್ಪತ್ರೆ ಹಿಂದಕ್ಕೆ, ಮತಗಟ್ಟೆ ಮುಂದಕ್ಕೆ. ಮೊದಲು ಓಟು ಹಾಕಿಸು, ಇವಳೊಬ್ಬಳಿಗಾಗಿ ಊರ ಹೆಂಗಸರೆಲ್ಲರ ನರ್ಸನ್ನು ಕಳೆಯುತ್ತೀಯಾ ಎಂದು ಜೊತೆಗಿದ್ದ ಶಿಕ್ಷಕಿಯ ಪಕ್ಷದವನು ರೇಗಿದ. ಹಿರಿಯನೂ ಹೀಗೇ ಅಲ್ಲವೇ ಹೇಳಿದ್ದು ಎಂದುಕೊಂಡ ಚಾಲಕ. ಒಂದು ಕ್ಷಣವೂ ತಡಮಾಡದೆ ಟೆಂಪೋ ತಿರುಗಿಸಿದ. ಆ ಹೆಂಗಸು ಕಂಬಿಯನ್ನು ಗಟ್ಟಿಯಾಗಿ ಹಿಡಿದು ದೇವರನ್ನು ಕರೆಯುತ್ತಿದ್ದಳು. ಅವರು ದೊಡ್ಡಾಸ್ಪತ್ರೆಯ ಬಾಗಿಲು ಮುಟ್ಟುವ ಹೊತ್ತಿಗೆ ಇತ್ತ ಮತಗಟ್ಟೆಯ ಬಾಗಿಲು ಮುಚ್ಚಿತು. ಗೂಡಿನವರ ಓಟೂ ಬೀಳಲಿಲ್ಲ, ಚಾಲಕನದೂ ಬೀಳಲಿಲ್ಲ.

ಅಯ್ಯನವರು ಅಲ್ಲಿಗೆ ನಿಲ್ಲಿಸಿದರು.

ದಯಾಮಣಿ ತಡೆಯಲಾರದೆ ಮುಂದೆ ಬಾಗಿದಳು. "ಅಷ್ಟು ಓಟು ಹೋಯಿತಲ್ಲ ಅಯ್ಯನವರೇ! ಕೊನೆಗೆ ಗೆದ್ದವರು ಯಾರು?"

"ಕೂಸು ಉಳಿಯಿತೇ ಎಂದು ನೀನೂ ಕೇಳಲಿಲ್ಲವಲ್ಲ, ಮಗಳೇ."